ಅಯ್ಯನವರ ತೊಳೆದ ಡಬ್ಬಿ

ಮಹಾನಂದಾ ಮೆಟ್ಟಿಲು ಹತ್ತುವ ಸದ್ದು ನನಗೆ ಗುರುತು. ನಾಲ್ಕು ಮೆಟ್ಟಿಲು ಹತ್ತುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಹತ್ತುತ್ತಾಳೆ. ತಿರುವಿನಲ್ಲಿ ಊಟದ ಡಬ್ಬಿಗಳ ಚೀಲ ಕೆಳಗಿಟ್ಟು, ಮೊಣಕಾಲು ಹಿಡಿದು ಕೂತು, "ಯಪ್ಪಾ ಶಿವನೇ" ಅನ್ನುತ್ತಾಳೆ. ಆಮೇಲೆ ನನ್ನ ಬಾಗಿಲು.

"ಇವತ್ತಾದ್ರೂ ಸಾರಿಗೆ ಉಪ್ಪು ಹಾಕಿದ್ದೀಯೇನೇ?" ಅಂತ ನಾನು ಬಾಗಿಲಲ್ಲೇ ಕೇಳುತ್ತೇನೆ.

"ನಿಮ್ಮ ಬಿಪಿ ಇಳೀಲಿ, ಹಾಕ್ತೀನ್ರಿ ಸತ್ಯಕ್ಕ."

ನನ್ನ ಬಿಪಿ ಈ ಜನ್ಮದಲ್ಲಿ ಇಳಿಯುವುದಿಲ್ಲ. ಅವಳು ಉಪ್ಪು ಹಾಕುವುದೂ ಇಲ್ಲ.

ನಾಗಸಂದ್ರದ ನಮ್ಮ ಬಡಾವಣೆಯಲ್ಲಿ ಹೆಚ್ಚಿನವರು ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ಸೈಟು ಮಾಡಿಕೊಂಡವರು. ಕಾರ್ಖಾನೆಗಳು ಬಾಗಿಲು ಹಾಕಿದವು, ನಾವು ಮುದುಕರಾದೆವು. ಒಲೆ ಮುಂದೆ ನಿಲ್ಲಲಾಗದವರಿಗೆ ಮಧ್ಯಾಹ್ನದ ಊಟ ಕಳಿಸಬೇಕೆಂದು ಇಲ್ಲಿನ ಹಿರಿಯರ ಸಂಘದವರು ಸಮುದಾಯ ಭವನದ ಹಿಂದೆ ಅಡುಗೆಮನೆ ತೆರೆದರು. ಸಂಘದವರ ಪಾಲಿಗೆ ಸಭೆ, ಶಾಲು, ಫೋಟೊ. ಕೆಲಸ ಮಹಾನಂದಾಳ ಪಾಲಿಗೆ. ಕೊಟ್ಟೂರಿನ ಕಡೆಯವಳು. ಗಂಡ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತು ನಿಂತು ಸತ್ತ. ಇವಳು ಒಲೆ ಮುಂದೆ ನಿಂತು ನಿಂತು ಬದುಕಿದ್ದಾಳೆ. ಸಹಾಯಕ್ಕೆಂದು ಬಂದ ಹೆಂಗಸರು ಯಾರೂ ಉಳಿಯಲಿಲ್ಲ, ಗಾರ್ಮೆಂಟ್ಸಿಗೆ ಹೋದರು. ಅಲ್ಲಿ ಕೂರುವುದಕ್ಕಾದರೂ ಒಂದು ಕುರ್ಚಿ ಇರುತ್ತದೆ, ಅವರನ್ನು ದೂರಿ ಏನು ಪ್ರಯೋಜನ? ಹೀಗಾಗಿ ಬೇಯಿಸುವವಳೂ ಅವಳೇ, ನಮ್ಮ ಬೀದಿಯ ಲಿಫ್ಟ್ ಇಲ್ಲದ ಮಹಡಿಗಳಿಗೆ ಹೊರುವವಳೂ ಅವಳೇ.

ಖಾಲಿ ಡಬ್ಬಿ ಒಯ್ಯಲು ಮತ್ತೆ ಬರುತ್ತಾಳಲ್ಲ, ಆಗ ಬಾಗಿಲಲ್ಲೇ ಮುಚ್ಚಳ ತೆಗೆದು ನೋಡುತ್ತಾಳೆ. ಅನ್ನ ಉಳಿದಿದ್ದರೆ ಯಾಕೆ ಅಂತ ವಿಚಾರಣೆ. ಹಲ್ಲು ನೋವೇ, ಬೇಸರವೇ, ಹೊರಗಿನಿಂದ ಬಜ್ಜಿ ತರಿಸಿದಿರಾ? ನನ್ನಂಥ ಕಳ್ಳಿಯರು ಸಿಕ್ಕಿಬೀಳುವುದು ಹಾಗೆ. "ಎದುರುಮನಿ ಅಯ್ಯನವರ ಡಬ್ಬಿ ನೋಡಿ ಕಲೀರಿ" ಅಂತ ಬೈಸಿಕೊಂಡು ನನಗೆ ಸಾಕಾಗಿಹೋಗಿತ್ತು.

ಎದುರುಮನೆಯ ಸಿದ್ದಲಿಂಗಯ್ಯನವರು ನನ್ನ ಗಂಡನ ಜೊತೆ ಫಿಟ್ಟರ್ ಆಗಿದ್ದವರು. ಮಕ್ಕಳಿಲ್ಲ. ಹೆಂಡತಿ ಕಮಲಮ್ಮ ತೀರಿಕೊಂಡ ಮೇಲೆ ಅವರೂ ಈ ಊಟಕ್ಕೆ ಸೇರಿದರು. ಜಂಗಮರು, ಕೊರಳಲ್ಲಿ ಲಿಂಗವಿದೆ, ಪೂಜೆಯಾಗದೆ ತುತ್ತು ಮುಟ್ಟುವುದಿಲ್ಲ. ಮಹಾನಂದಾಳದೂ ಅದೇ ಮತ, ಹಾಗಾಗಿ ನನಗೆ ಬಿಡಿಸಿ ಹೇಳಿದ್ದಳು. ಲಿಂಗಕ್ಕೆ ತೋರಿಸಿದ ಮೇಲೆ ಅದು ಊಟವಲ್ಲ, ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಉಂಡ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿದುಬಿಡಬೇಕು. ಅವಳ ತವರಿನಲ್ಲಿ ಮುದುಕರೆಲ್ಲ ಹಾಗೇ ಉಣ್ಣುತ್ತಿದ್ದರಂತೆ. ಅಯ್ಯನವರ ಡಬ್ಬಿ ದಿನವೂ ತೊಳೆದು ಫಳಫಳ ಅನ್ನುತ್ತಾ ಬರುತ್ತಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಆದರೆ ಅಯ್ಯನವರು ಸೊರಗುತ್ತಿದ್ದರು. ಅಂಗಿ ಹೆಗಲಿನಿಂದ ಜಾರುತ್ತಿತ್ತು, ಕೈಗಡಿಯಾರ ಮೊಣಕೈವರೆಗೆ ಓಡಾಡುತ್ತಿತ್ತು. ನಾನು ಹೇಳಿದರೆ ಮಹಾನಂದಾ ಒಪ್ಪಲಿಲ್ಲ. "ಎಲ್ಲಾ ಉಣ್ತಾರ್ರಿ. ನನ್ನ ಕೈಯಾಗ ಡಬ್ಬಿ ಐತಲ್ರಿ, ಕಾಣ್ತೈತಿ. ವಯಸ್ಸಾಗೈತಿ, ಅಷ್ಟ" ಅಂದಳು. ಅನ್ಯರ ಮನೆಯ ಡಬ್ಬಿ ಅಷ್ಟು ಸ್ವಚ್ಛ ಬಂದಿದ್ದರೆ ಅನುಮಾನ ಪಡುತ್ತಿದ್ದಳೋ ಏನೋ. ಇದು ತನ್ನವರ ಪದ್ಧತಿ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಪಕ್ಕದಲ್ಲಿ ಕಟ್ಟುತ್ತಿರುವ ಮನೆಗೆ ಯಂಕಪ್ಪ ಅಂತ ಒಬ್ಬ ಕಾವಲಿನವನಿದ್ದಾನೆ, ರಾಯಚೂರಿನ ಕಡೆಯವನು. ಒಂದು ದಿನ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗೆ ಅವನು ಮಹಾನಂದಾಳನ್ನು ತಡೆದು ನಿಲ್ಲಿಸಿ, ತಲೆ ಕೆರೆದುಕೊಳ್ಳುತ್ತಾ, "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಸಾರಿಗಿ ಒಂಚೂರು ಉಪ್ಪ ಜಾಸ್ತಿ ಹಾಕ್ರಿ" ಅಂದ.

"ನಮ್ಮ ಸಾರು ನೀ ಎಲ್ಲಿ ಉಂಡಿ?"

"ಅಯ್ಯನವರು ದಿನಾ ಕೊಡ್ತಾರಲ್ರಿ. ತಮಗ ಜಾಸ್ತಿ ಆಗ್ತದಂತ ಅಂದ್ರು."

ಅವಳು ಚೀಲವನ್ನು ಅಲ್ಲೇ ಮರಳಿನ ಗುಡ್ಡೆಯ ಮೇಲಿಟ್ಟು ಮೆಟ್ಟಿಲು ಹತ್ತಿದಳು. ಆವತ್ತು ತಿರುವಿನಲ್ಲಿ ಕೂರಲಿಲ್ಲ. ನಾನೂ ಹಿಂದೆಯೇ ಎದುರುಮನೆಗೆ ನುಗ್ಗಿದೆ.

"ಯಂಕಪ್ಪ ಹೇಳಿದ್ದು ಹೌದೇನ್ರಿ ಅಯ್ಯನವರ?" ಅಂದಳು.

ಅವರಿಗೆ ಎಲ್ಲ ಗೊತ್ತಾಯಿತು. "ಲಿಂಗಕ್ಕ ತೋರಿಸೋಕ ಮೊದಲ ಕೊಟ್ಟೀನವ್ವ. ನುಂಗಾಕ ಆಗೋದು ಎರಡು ತುತ್ತು, ಅಷ್ಟ ಇಟ್ಕಂತೀನಿ. ಪ್ರಸಾದ ಚೆಲ್ಲಿಲ್ಲ. ನಿನಗ ಸುಳ್ಳೂ ಹೇಳಿಲ್ಲ."

"ನೀವು ಹೇಳಿಲ್ರಿ. ಡಬ್ಬಿ ಹೇಳ್ತು."

ಅಯ್ಯನವರು ತಲೆ ತಗ್ಗಿಸಿದರು. ಗಂಟಲಲ್ಲಿ ಅನ್ನ ನಿಂತುಬಿಡುತ್ತಿತ್ತಂತೆ, ರೊಟ್ಟಿಯ ಚೂರು ಕೆಮ್ಮು ಹತ್ತಿಸುತ್ತಿತ್ತಂತೆ. ಬಾಯಿಬಿಟ್ಟು ಹೇಳಬಾರದಿತ್ತೇ ಅಂತ ನಾನು ರೇಗಿದೆ. "ಹೇಳಿದ್ರ ಈಕಿ ನನಗಂತ ಬ್ಯಾರೆ ಬೇಯಿಸ್ತಾಳ. ಮೆಟ್ಲದಾಗ ಕುಂತು ಕಾಲು ಹಿಡ್ಕಂಡು ಶಿವನ್ನ ಕರೆಯೋದು ನನಗೂ ಕೇಳ್ತೈತಿ, ಸತ್ಯವತಿಯವ್ರ" ಅಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅಳುವೂ ಬಂತು.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನುಂಗುವ ಶಕ್ತಿ ಕುಗ್ಗಿದೆ. ಮೆತ್ತಗೆ ಬೇಯಿಸಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಎರಡು ಹೊತ್ತು ಕೊಡಿ, ಇನ್ನೂ ತೂಕ ಇಳಿದರೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಅಂದರು. ಅಯ್ಯನವರು ಲಿಂಗದ ಮೇಲೆ ಕೈಯಿಟ್ಟುಕೊಂಡರು. ನಳಿಗೆಯಲ್ಲಿ ಹೋಗುವುದನ್ನು ಲಿಂಗಕ್ಕೆ ಹೇಗೆ ತೋರಿಸುವುದು ಅಂತ ದಾರಿಯಲ್ಲಿ ಒಂದೇ ಸಲ ಕೇಳಿದರು.

ಅಲ್ಲಿಂದ ಶುರುವಾಯಿತು ಗಂಜಿ. ನುಚ್ಚಕ್ಕಿ, ಹೆಸರುಬೇಳೆ, ನುಣ್ಣಗೆ ಕಡೆದ ಸೊಪ್ಪು. ಮಧ್ಯಾಹ್ನ ಒಂದು ಸಲ, ಸಂಜೆ ಖಾಲಿ ಡಬ್ಬಿಗಳನ್ನು ಅಡುಗೆಮನೆಗೆ ಮುಟ್ಟಿಸಿ, ಬಿಸಿ ಮಾಡಿಕೊಂಡು ಇನ್ನೊಂದು ಸಲ. ಅವಳ ಮೊಣಕಾಲು ಊದಿಕೊಂಡಿತು. ಸಂಘದವರಿಗೆ ಹೇಳಿದೆ, ಮುಂದಿನ ಸಭೆಯಲ್ಲಿ ಇಡುತ್ತೇವೆ ಅಂದರು. ಇಡಲಿ.

ಈಗ ಅವಳು ಡಬ್ಬಿಯನ್ನು ನಂಬುವುದಿಲ್ಲ. ಅಯ್ಯನವರು ಉಂಡು ಮುಗಿಸುವವರೆಗೆ ಹೊಸ್ತಿಲಲ್ಲೇ ಕೂರುತ್ತಾಳೆ. ಒಂದು ಸಂಜೆ ನಾನೂ ಅಲ್ಲಿದ್ದಾಗ ಅವರು ಎಂದಿಗಿಂತ ಹೆಚ್ಚು ಬಡಿಸಿಕೊಂಡರು. ಪೂಜೆ ಮಾಡಿ, ಒಂದೊಂದೇ ಗುಟುಕು ಇಳಿಸಿದರು. ಅರ್ಧಕ್ಕೆ ಕೆಮ್ಮು ಹತ್ತಿತು. ಮತ್ತೆ ಪ್ರಯತ್ನಿಸಿದರು, ಆಗಲಿಲ್ಲ. ತಟ್ಟೆಯಂಚು ಹಿಡಿದುಕೊಂಡು ಕೂತುಬಿಟ್ಟರು.

"ಆಗದಿದ್ರೆ ಬಿಡಿ ಅಯ್ಯನವರೇ, ಏನಾಯ್ತೀಗ?" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಕಣ್ಣಲ್ಲಿ ನೀರಿತ್ತು. "ತಪ್ಪಾತವ್ವ. ಎರಡೆರಡು ಸಲ ಗಂಜಿ ಹೊತ್ತು ಹತ್ತಿ ಬರ್ತಿ, ಜಾಸ್ತಿ ಉಣ್ಣಬೇಕಂತ ಆಸೆಪಟ್ಟು ಬಡಿಸ್ಕಂಡೆ. ಪ್ರಸಾದ ಉಳೀತು. ಹುಟ್ಟಿದಾಗಿಂದ ಉಳಿಸಿದ್ದಿಲ್ಲ" ಅಂದರು.

ಮಹಾನಂದಾ ಚೌಕಟ್ಟು ಹಿಡಿದು ಎದ್ದಳು. ಕೈ ತೊಳೆದುಕೊಂಡು ಬಂದು, ಅವರ ಮುಂದಿನಿಂದ ತಟ್ಟೆ ತೆಗೆದುಕೊಂಡು, ನೆಲದ ಮೇಲೆ ಕೂತಳು. ಅಯ್ಯನವರು ಬೇಡ ಅನ್ನುವುದರೊಳಗೆ ಉಣ್ಣತೊಡಗಿದ್ದಳು. ಅವಳು ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ಗಬಗಬ ಉಂಡಳು. ತಟ್ಟೆ ಬರಿದಾದ ಮೇಲೆ ನೀರು ಹಾಕಿ, ಬೆರಳಾಡಿಸಿ, ಕುಡಿದು ಕೆಳಗಿಟ್ಟಳು.

ಅಯ್ಯನವರು ಅವಳನ್ನೇ ನೋಡುತ್ತಿದ್ದರು. "ಮಧ್ಯಾಹ್ನ ನಿಂದು ಊಟ ಆಗಿತ್ತೇನವ್ವ?"

ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರನ್ನೂ ಕೇಳುವ ಮಾತು ಇದು. ಊಟ ತರುವವಳನ್ನು ಮಾತ್ರ ಬಡಾವಣೆಯಲ್ಲಿ ಯಾರೂ ಕೇಳಿರಲಿಲ್ಲ.

"ಎಲ್ಲೀದ್ರಿ. ಎಲ್ಲಾರಿಗೂ ಮುಟ್ಟಿಸೋದ್ರಾಗ ಹಸಿವು ಸತ್ತು ಹೋಗಿರ್ತೈತಿ. ರಾತ್ರಿ ಒಂದು ಲೋಟ ಚಾ ಕುಡಿದು ಮಲಗ್ತೀನಿ" ಅಂದಳು, ಬೇರೆ ಯಾರದೋ ಸುದ್ದಿ ಹೇಳುವವಳಂತೆ.

"ನಾಳಿಂದ ಮೊದಲು ನಿನ್ನ ಪಾಲು ತೆಗೀತೀನಿ. ಆಮ್ಯಾಲ ಲಿಂಗಪೂಜಿ" ಅಂದರು ಅಯ್ಯನವರು.

ಹಾಗೇ ನಡೆದಿದೆ. ಮಧ್ಯಾಹ್ನ ಅವಳು ತನಗೂ ಒಂದು ಡಬ್ಬಿ ಹೊತ್ತು ತರಬೇಕು. ಅದರಿಂದ ಅವಳಿಗೆ ಬಡಿಸುವವರೆಗೆ ಅವರು ಲಿಂಗ ಕೈಗೆ ತೆಗೆದುಕೊಳ್ಳುವುದಿಲ್ಲ. ಮೊನ್ನೆ ಡಾಕ್ಟರು ತೂಕ ನೋಡಿದರು. ಏರಿಲ್ಲ, ಇಳಿದೂ ಇಲ್ಲ. ಸದ್ಯಕ್ಕೆ ನಳಿಗೆ ಬೇಡ ಅಂದರು. ಮೆಟ್ಟಿಲು ಅಷ್ಟೇ ಇವೆ, ಅವಳ ಮೊಣಕಾಲೂ ಹಾಗೇ ಇದೆ. ಅವಳು ತನ್ನ ಅಡುಗೆಯನ್ನು ತಾನೇ ಕೂತು ಉಂಡ ಮೊದಲ ಮಧ್ಯಾಹ್ನ ನಾನು ಬಾಗಿಲು ತೆರೆದಿಟ್ಟು ನನ್ನ ಡಬ್ಬಿ ಬಿಚ್ಚುತ್ತಿದ್ದೆ. ಎದುರುಮನೆಯಿಂದ ಅವಳ ದನಿ ಬಂತು.

"ಸತ್ಯಕ್ಕ, ಖರೇನ ಉಪ್ಪಿಲ್ರಿ ಸಾರಿಗೆ."