ಆ ಬಸ್ಸು ನಾನು ತಂದದ್ದಲ್ಲ

ಪ್ರಿನ್ಸಿಪಾಲರ ಬಾಗಿಲಲ್ಲಿ ಹೋಗಿ ಕೂರಿ ಎಂದು ಆ ಹುಡುಗಿಯರಿಗೆ ಹೇಳಿದವಳು ನಾನು. ಹೇಳಿಲ್ಲ ಎಂದು ಎನ್ಕ್ವಾಯರಿಯಲ್ಲಿ ಸುಳ್ಳಾಡಿದವಳೂ ನಾನೇ. ಆ ಸುಳ್ಳಿಗಾಗಿ ಕಾಲೇಜು ಬಿಟ್ಟು ಹೋದವಳು ಮಾತ್ರ ನಾನಲ್ಲ — ಮರೋಳದ ನೀಲವ್ವ.

ನನ್ನ ಹಳೆಯ ವಿದ್ಯಾರ್ಥಿಗಳೇ, ನೀವು ನನ್ನ ಹೆಸರಿನಲ್ಲಿ ಅಭಿನಂದನ ಗ್ರಂಥ ತರುತ್ತಿದ್ದೀರಿ. "ಸಂಜಿ ಬಸ್ಸು ತಂದ ಕಥಿ ನೀವಾ ಬರೀರಿ ಮೇಡಂ, ಅದಿಲ್ದ ಬುಕ್ಕು ಸಪ್ಪಗ ಆಗತೈತಿ" ಎಂದು ಫೋನಿನಲ್ಲಿ ಹೇಳಿದಿರಿ. ನಿಮ್ಮ ಬದುಕನ್ನು ರೂಪಿಸಿದವಳು ನಾನು ಎಂದು ಮುಖಪುಟದಲ್ಲಿ ಹಾಕುತ್ತೀರಂತೆ. ಹಾಕುವ ಮೊದಲು ಇದನ್ನು ಓದಿ. ಪ್ಲೀಸ್.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ತಂದೆತಾಯಿ ತೀರಿಕೊಂಡಿದ್ದರು. ಒಂದು ಟ್ರಂಕು ಹಿಡಿದುಕೊಂಡು ಬಾಗಲಕೋಟೆಗೆ ಇಂಗ್ಲಿಷ್ ಲೆಕ್ಚರರ್ ಆಗಿ ಬಂದಾಗ ಈ ಊರಿನಲ್ಲಿ ನನಗೆ ಗೊತ್ತಿದ್ದ ಒಂದು ಮುಖವೂ ಇರಲಿಲ್ಲ. ಆಗ ನಾನು ಬಾಡಿಗೆಗಿದ್ದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಸಂಜೆ ಕೋಣೆಗೆ ಮರಳಿದರೆ ಮರುದಿನ ಕ್ಲಾಸಿಗೆ ಹೋಗುವವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಕ್ಲಾಸಿನಲ್ಲಿ ಅಷ್ಟು ಮಾತಾಡುತ್ತಿದ್ದೆ. "ಸ್ಪೀಕ್ ಅಪ್, ಗರ್ಲ್ಸ್! ತಲೆ ಎತ್ತಿ!" ಎನ್ನುತ್ತಿದ್ದೆ. ಹುಡುಗಿಯರು ನನ್ನ ಸೀರೆಯ ನೆರಿಗೆಯನ್ನೂ ಕಾಪಿ ಮಾಡುತ್ತಿದ್ದರು.

ಅವರಲ್ಲಿ ಎದ್ದು ನಿಂತು ಮಾತಾಡಿದ ಮೊದಲನೆಯವಳು ಕೊನೆಯ ಬೆಂಚಿನ ನೀಲವ್ವ. ಬಿ.ಎಸ್ಸಿ. ಎರಡನೆಯ ವರ್ಷ. ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು, ಬೀರಪ್ಪ ದೇವರ ಒಕ್ಕಲು. ಮೊದಲ ದಿನವೇ ನನ್ನನ್ನು ಕೆಣಕಿದಳು: "ಮೇಡಂ, ನೀವು ಕನ್ನಡ ಮಾತಾಡಿದ್ರೂ ಇಂಗ್ಲಿಷ್ ವಾಸನಿ ಬರತೈತ್ರಿ." ಕ್ಲಾಸು ನಕ್ಕಿತು. ನಾನೂ ನಕ್ಕೆ — ಈ ಊರಿಗೆ ಬಂದ ಮೇಲೆ ಮೊದಲ ಸಲ.

ಹುನಗುಂದ ಕಡೆಯ ಕೊನೆಯ ಬಸ್ಸು ಪ್ರಾಕ್ಟಿಕಲ್ ಮುಗಿಯುವ ಮೊದಲೇ ಹೊರಟುಬಿಡುತ್ತಿತ್ತು. ಆ ದಾರಿಯಲ್ಲಿ ಕಮತಗಿಯ ಆಚೆಯ ಊರುಗಳ ಹುಡುಗಿಯರು ಪ್ರಾಕ್ಟಿಕಲ್ ಬಿಡಬೇಕು, ಇಲ್ಲವೇ ಲಾರಿಗೆ ಕೈ ಮಾಡಬೇಕು. ಮನೆಯವರು ಕಾಲೇಜನ್ನೇ ಬಿಡಿಸುತ್ತೇವೆ ಎನ್ನತೊಡಗಿದ್ದರು. ಸಂಜೆಯ ಬಸ್ಸು ಕೇಳಿ ಡಿಪೋಗೆ ಒಂದು ಪತ್ರ ಬರೆಯಿರಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿಯ ಮೇಲೆ ಅರ್ಜಿ ಹೋಯಿತು. ಅವರು ಸಹಿ ಮಾಡಲಿಲ್ಲ. ಒಂದು ಮಧ್ಯಾಹ್ನ ಹುಡುಗಿಯರು ಅಳುತ್ತಿದ್ದಾಗ ನಾನು ಹೇಳಿದೆ: "ಅರ್ಜಿ ಸಾಕು. ನಾಳೆ ಎಲ್ಲರೂ ಅವರ ಬಾಗಿಲಲ್ಲಿ ಹೋಗಿ ಕೂತುಬಿಡಿ. ಏಳಬೇಡಿ. ಐ ಆಮ್ ವಿತ್ ಯೂ."

ಅವರು ಕೂತರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಕಿಟಕಿಯಿಂದ — ಅಷ್ಟೇ.

ಮೂರನೆಯ ದಿನ ಆಡಳಿತ ಮಂಡಳಿಯ ಅಧ್ಯಕ್ಷರು ಎನ್ಕ್ವಾಯರಿಗೆ ಬಂದರು. ನೀಲವ್ವನನ್ನು ಕರೆಸಿದರು, ನನ್ನನ್ನೂ ಕರೆಸಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

"ಕುರಿ ಕಾಯೂ ಮಂದಿ ಹುಡುಗಿಗೆ ಇಷ್ಟು ಧೈರ್ಯ ಯಾರು ಕೊಟ್ರು?" ಎಂದು ಕೇಳಿ ನನ್ನ ಕಡೆ ತಿರುಗಿದರು. "ಮೇಡಂ, ನೀವೇನರ ಹೇಳಿದ್ರೇನು?"

"ಇಲ್ಲ ಸರ್. ನಾನೇನೂ ಹೇಳಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಸಿಸ್ಟರ್‌ಗಳು ಕಲಿಸಿದ ಸ್ಪಷ್ಟ ಉಚ್ಚಾರದಲ್ಲಿ ಬಂತು. ನೀಲವ್ವ ನನ್ನತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಇಷ್ಟು ವರ್ಷ — ಇರಲಿ. ಸಿಟ್ಟಿರಲಿಲ್ಲ.

"ಹೌದ್ರಿ," ಎಂದಳು. "ಮೇಡಂ ಏನೂ ಹೇಳಿಲ್ಲ. ನಾನಾ ಎಲ್ಲಾರ್ನೂ ಕುಂದ್ರಿಸೇನಿ."

ವಾರದೊಳಗೆ ಟಿ.ಸಿ. ಕೊಟ್ಟು ಕಳಿಸಿದರು. ಕರೆದೊಯ್ಯಲು ಅವಳ ಅಪ್ಪ ಬಂದಿದ್ದ, ಹೆಗಲ ಮೇಲೆ ಕಂಬಳಿ. ಕಾರಿಡಾರಿನಲ್ಲಿ ನನ್ನನ್ನು ಕಂಡು ಕೈಮುಗಿದ. "ತಪ್ಪಾತ್ರಿ ಅಕ್ಕಾರ. ನಮ್ಮ ಹುಡುಗಿಂದ ನಿಮ್ಮ ಹೆಸರು ಕೆಡೂದಿತ್ತು. ಸಣ್ಣಾಕಿ, ಹೊಟ್ಯಾಗ ಹಾಕ್ಕೋರಿ" ಎಂದು ಕಾಗದದಲ್ಲಿ ಕಟ್ಟಿದ್ದ ಬೀರಪ್ಪನ ಭಂಡಾರವನ್ನು ನನ್ನ ಕೈಗಿಟ್ಟ. ನಾನು ಆ ಅರಿಸಿನವನ್ನು ತೆಗೆದುಕೊಂಡೆ. ಏನೆಂದೆ ಗೊತ್ತೇ? "ಪರವಾಗಿಲ್ಲ" ಎಂದೆ. ನೀಲವ್ವ ಅಪ್ಪನ ಹಿಂದೆ ನಿಂತು ನೆಲ ನೋಡುತ್ತಿದ್ದಳು.

ತಿಂಗಳಲ್ಲಿ ಬಸ್ಸು ಬಂತು. ಗಲಾಟೆ ಊರೆಲ್ಲ ಹಬ್ಬಿದ್ದರಿಂದ ಪ್ರಿನ್ಸಿಪಾಲರು ಪತ್ರಕ್ಕೆ ಸಹಿ ಹಾಕಲೇಬೇಕಾಯಿತು. ಯಾರ ಬಾಯಲ್ಲಿ ಶುರುವಾಯಿತೋ ತಿಳಿಯದು, ಅದು "ಮೇಡಂ ತಂದ ಬಸ್ಸು" ಆಯಿತು. ಮುಂದಿನ ಬ್ಯಾಚಿನವರು ಹಾಗೆಂದೇ ನಂಬಿದರು. ನಾನು ತಿದ್ದಲಿಲ್ಲ. ನಿಮ್ಮ ಕಾಗುಣಿತ ತಿದ್ದಿದೆ, ಉಚ್ಚಾರ ತಿದ್ದಿದೆ, ಇದೊಂದನ್ನು ತಿದ್ದಲಿಲ್ಲ. ನೌಕರಿ ಖಾಯಂ ಆಯಿತು. ಮುಂದೆ ಅದೇ ಕೋಣೆಯಲ್ಲಿ ಪ್ರಿನ್ಸಿಪಾಲಳಾಗಿ ಹನ್ನೊಂದು ವರ್ಷ ಕೂತೆ. ಹೊಸ ಹುಡುಗಿಯರ ಮುಂದೆ "ಬೀ ಬ್ರೇವ್" ಎಂದು ಭಾಷಣ ಮಾಡಿದೆ. ಅವರು ಚಪ್ಪಾಳೆ ತಟ್ಟುವಾಗ ನಾನು ಕೊನೆಯ ಬೆಂಚಿನತ್ತ ನೋಡುತ್ತಿರಲಿಲ್ಲ.

ನಿಮ್ಮ ಫೋನು ಬಂದ ಮೇಲೆ ನಿದ್ದೆ ಹಾರಿಹೋಯಿತು. ವಿಚಾರಿಸಿದೆ. ನೀಲವ್ವ ಮದುವೆಯಾಗಿ ಐಹೊಳೆಯಲ್ಲಿದ್ದಾಳೆ ಎಂದು ತಿಳಿಯಿತು. ಕಳೆದ ತಿಂಗಳು ಹೋದೆ.

ಕೂಲಿಗೆ ಹೋಗುವ ಹೆಂಗಸರೆಲ್ಲ ಅವಳ ಕಟ್ಟೆಯ ಮೇಲೆ ಕೂತಿದ್ದರು. ಅವಳು ಫೋನಿನಲ್ಲಿ ಯಾರೋ ಹೊಲದ ಧಣಿಗೆ ಹೇಳುತ್ತಿದ್ದಳು: "ಮಧ್ಯಾನ ನೆರಳಿಗೆ ಬಿಡ್ತೇನಿ ಅಂದ್ರ ಬರ್ತೇವಿ. ಇಲ್ಲಂದ್ರ ನೀವಾ ಸೀರಿ ಉಟ್ಕೊಂಡು ಕಸಾ ತಗೀರಿ ಗೌಡ್ರ." ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನನ್ನನ್ನು ಕಂಡು ಫೋನು ಇಟ್ಟಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ನನ್ನ ಹಾಗೆಯೇ.

"ಅಯ್ಯ, ಮೇಡಂ! ಎಷ್ಟ್ ಸೊರಗೀರಿ! ಬರ್ರಿ, ಒಳಗ ಬರ್ರಿ."

ಚಹಾ ಕೊಟ್ಟಳು. ಅರ್ಧ ಲೋಟ ಕುಡಿದೆ. ಆಮೇಲೆ ಕೇಳಿದೆ — ಅವತ್ತು ಯಾಕೆ ಹಾಗೆ ಹೇಳಿದೆ, ನೀಲವ್ವ?

ಅವಳು ಯೋಚಿಸಲಿಲ್ಲ. "ಮೇಡಂ, ನನಗ ಮನಿ ಇತ್ತು, ಅಪ್ಪ ಇದ್ದ, ಕುರಿ ಇದ್ದುವು. ನಿಮಗ ಆ ಕಾಲೇಜ್ ಬಿಟ್ರ ಯಾರಿದ್ರು?"

ಇಪ್ಪತ್ತು ವರ್ಷದ ಹುಡುಗಿಗೆ ಅದು ಕಂಡಿತ್ತು. ನನ್ನ ಒಂಟಿತನವನ್ನು ಯಾರೂ ಅರಿಯರು ಎಂದು ನಾನು ಎಷ್ಟು ಠೀವಿಯಿಂದ ನಡೆಯುತ್ತಿದ್ದೆ!

"ಓದುವ ಆಸೆ ಇರಲಿಲ್ಲವಾ?" ಎಂದೆ.

"ಇತ್ರಿ," ಎಂದಳು. ನನ್ನ ಲೋಟಕ್ಕೆ ಕೈ ಚಾಚಿ, "ಭಾಳ ಇತ್ತು."

ಅಷ್ಟೇ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನಾನು ಅವಳ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳು — ಇನ್ನೊಮ್ಮೆ ನನ್ನನ್ನು ಉಳಿಸುತ್ತಿದ್ದಳು. ಆ ಕೆಲಸವನ್ನು ಅವಳಿಂದ ಎರಡನೆಯ ಸಲ ಮಾಡಿಸಬಾರದು ಎನ್ನುವಷ್ಟು ಬುದ್ಧಿ ನನಗೆ ಈಗ ಬಂದಿದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ಬರೀರಿ. ಖರೆ ಹೆಸರಾ ಹಾಕ್ರಿ" ಎಂದಳು. ಹಾಕಿದ್ದೇನೆ.

ಆ ಎನ್ಕ್ವಾಯರಿಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು ಎಂದು ಬರೆದು ಸಹಿ ಮಾಡಿ ಕಾಲೇಜಿಗೂ ಕಳಿಸಿದ್ದೇನೆ. ಈಗ ನಿಮಗೆ ಹೇಳುತ್ತಿದ್ದೇನೆ. ನೀವು ಸಿಟ್ಟಾಗುತ್ತೀರಿ. ಕೆಲವರು ಫೋನು ಮಾಡುವುದನ್ನು ಬಿಡುತ್ತೀರಿ. ಶಿಕ್ಷಕರ ದಿನದಂದು ಈ ಮನೆಯಲ್ಲಿ ಫೋನು ರಿಂಗಾಗದೆ ಹೋದರೆ ಅದು ಯಾಕೆಂದು ನನಗೆ ಗೊತ್ತಿರುತ್ತದೆ. ಸಿಟ್ಟಾಗಿ. ಅವಳು ಆಗದೆ ಬಿಟ್ಟಳು — ನೀವಾದರೂ ಆಗಿ.