ಅತ್ತೆಯ ಕೋಬಾ ಅಂಗಳ

ನಾನು ಮಿರಜದಲ್ಲಿ ಮೂರನೇ ಮಾಳಿಗೆಯ ಮನೆಯಲ್ಲಿ ಬೆಳೆದವಳು. ಅಂಗಳವೆಂದರೆ ನನಗೆ ಬಟ್ಟೆ ಒಣಹಾಕುವ ಗ್ಯಾಲರಿ ಅಷ್ಟೇ. ಸಾಂಗ್ಲಿವಾಡಿಗೆ ಸೊಸೆಯಾಗಿ ಬಂದಾಗ ಮನೆಯ ಮುಂದೆ ಅಷ್ಟಗಲದ ಕೋಬಾ, ಅಂದರೆ ಸಿಮೆಂಟು ಹಾಸಿದ ಅಂಗಳ, ಕಂಡು ಮೊದಲು ಖುಷಿಯಾಯಿತು. ಆಮೇಲೆ ಇದನ್ನು ಗುಡಿಸುವವರು ಯಾರು ಎಂಬ ಚಿಂತೆ ಹತ್ತಿತು. ಸುಮ್ಮನೆ ಚಿಂತೆ ಮಾಡಿದೆ. ನನ್ನ ಅತ್ತೆ ಆ ಅಂಗಳವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ನಮ್ಮದು ಕೃಷ್ಣೆಯ ದಂಡೆಯ ಊರು. ಮಳೆ ಹಿಡಿಯಿತೆಂದರೆ ಎಲ್ಲರ ಅಂಗಳವೂ ಹಸಿರಾಗುತ್ತದೆ. ಜನ ಬ್ಲೀಚಿಂಗ್ ಪುಡಿ ಚೆಲ್ಲುತ್ತಾರೆ, ಆ್ಯಸಿಡ್ ಸುರಿಯುತ್ತಾರೆ, ತಂತಿಯ ಬ್ರಶ್ ಹಿಡಿದು ತಿಕ್ಕುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಅದೇ ಹಸಿರು, ಅದೇ ಜಾರಿಕೆ. ನಮ್ಮ ಅಂಗಳ ಮಾತ್ರ ಶ್ರಾವಣದಲ್ಲೂ ಬೆಳ್ಳಗೆ ಇರುತ್ತಿತ್ತು. ಹಾಲಿನವನು ತನ್ನ ಮೋಟರ್‌ಸೈಕಲ್ಲನ್ನು ನಮ್ಮಲ್ಲೇ ನಿಲ್ಲಿಸಿ, ಉಳಿದ ಮನೆಗಳಿಗೆ ನಡೆದು ಹೋಗುತ್ತಿದ್ದ.

ನಾವು ಜೈನರು. ಅತ್ತೆಯ ಲೆಕ್ಕದಲ್ಲಿ ಪಾಚಿ ಕೊಳೆಯಲ್ಲ, ಎಣಿಸಲಾರದಷ್ಟು ಜೀವಗಳು ಕೂಡಿ ಕುಳಿತ ಜಾಗ. ಹುಟ್ಟಿದ ಮೇಲೆ ಅದನ್ನು ತಿಕ್ಕುವ ಹಾಗಿಲ್ಲ, ತುಳಿಯುವ ಹಾಗೂ ಇಲ್ಲ. ಹಾಗಾದರೆ ಅಂಗಳ ಸ್ವಚ್ಛವಾಗುವುದು ಹೇಗೆ ಎಂದು ನಾನು ಕೇಳಿದ್ದೆ. ಹುಟ್ಟಲಿಕ್ಕೇ ಆಸ್ಪದ ಕೊಡಬಾರದು ಎಂದರು. ಓದಿದವಳೆಂಬ ಜಂಬ ನನಗೆ, ಒಳಗೊಳಗೇ ನಕ್ಕಿದ್ದೆ.

ಆದರೆ ಅವರ ಕೆಲಸ ನೋಡಿದ ಮೇಲೆ ನಗು ಉಳಿಯಲಿಲ್ಲ. ಯುಗಾದಿ ಕಳೆದು ಬಿಸಿಲು ಸುಡತೊಡಗಿದಾಗ ಅವರು ಸೆರಗು ಬಿಗಿದು ಇಳಿಯುತ್ತಿದ್ದರು. ಮೊದಲು ಮೆತ್ತನೆಯ ಕಸಬರಿಗೆಯಿಂದ ಇರುವೆಗಳನ್ನು ಗೋಡೆಯ ಬದಿಗೆ ಸರಿಸುವುದು. ಆಮೇಲೆ ಸಂದುಗೊಂದುಗಳ ಧೂಳನ್ನು ನಾರಿನ ಬ್ರಶ್ಶಿನಿಂದ ಒಣ ಒಣವಾಗಿ ಕೀಳುವುದು. ಒಂದು ಹನಿ ನೀರು ಮುಟ್ಟಿಸುತ್ತಿರಲಿಲ್ಲ. ಬಿರುಕಿದ್ದಲ್ಲಿ ಸಿಮೆಂಟಿನ ಗಂಜಿ ತುಂಬಿ, ಸ್ಟೀಲಿನ ಬಟ್ಟಲಿನ ತಳದಿಂದ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ಅದು ಗಟ್ಟಿಯಾದ ಮೇಲೆ ಒಂದು ತಂಬಿಗೆ ನೀರು ಸುರಿದು ಸುಮ್ಮನೆ ಕೂತು ನೋಡುವರು. ನೀರು ಎಲ್ಲಿ ನಿಂತಿತೋ ಅಲ್ಲಿ ಮತ್ತೆ ಗಂಜಿ. ಪೇರಲ ಗಿಡದ ಟೊಂಗೆ ನೆರಳು ಬಿಟ್ಟರೆ ಅದನ್ನು ಹಗ್ಗ ಕಟ್ಟಿ ಆಚೆ ಎಳೆಯುವರು, ಕಡಿಯುತ್ತಿರಲಿಲ್ಲ. ಮಳೆ ಶುರುವಾದರೆ ದಿನಾ ಮುಂಜಾನೆ ರಬ್ಬರಿನ ವೈಪರ್ ಹಿಡಿದು ನೀರೆಲ್ಲ ಗಟಾರಕ್ಕೆ ನೂಕುವರು. ಎಂಜಿನಿಯರ್ ಆದ ನನ್ನ ಗಂಡನಿಗೆ ಅವರು ಅಂಗಳಕ್ಕೆ ಕೊಟ್ಟ ಇಳಿಜಾರು ಕಾಣುತ್ತಲೇ ಇರಲಿಲ್ಲ, ನೀರಿಗೆ ಮಾತ್ರ ಕಾಣುತ್ತಿತ್ತು.

ಈ ಶ್ರಮದ ಹಿಂದೆ ಒಂದು ಆಸೆ ಇತ್ತು. ಮುನಿ ಮಹಾರಾಜರೊಬ್ಬರಿಗೆ ತಮ್ಮ ಮನೆಯಲ್ಲಿ, ತಮ್ಮ ಕೈಯಾರೆ ಆಹಾರ ಕೊಡಬೇಕು. ಮಹಾರಾಜರು ಮುಂಜಾನೆ ಬಸದಿಯಿಂದ ಹೊರಟು ಮೌನವಾಗಿ ಓಣಿಯಲ್ಲಿ ಬರುತ್ತಾರೆ. ಮನೆಮನೆಯವರು ಕಲಶ ಹಿಡಿದು ಬಾಗಿಲ ಮುಂದೆ ನಿಂತು ಕರೆಯುತ್ತಾರೆ. ಅವರು ಯಾರ ಮುಂದೆ ನಿಲ್ಲುತ್ತಾರೋ ಆ ಮನೆಯವರು ಅಂಗಳದಲ್ಲಿ ಅವರಿಗೆ ಮೂರು ಸುತ್ತು ಬಂದು ಒಳಗೆ ಕರೆದೊಯ್ಯಬೇಕು. ಹಸಿರಿನ ಮೇಲೆ ಅವರು ಕಾಲಿಡುವುದಿಲ್ಲ. ಅತ್ತೆ ಎರಡು ಸಲ ಹಾಗೆ ಕಲಶ ಹಿಡಿದು ನಿಂತಿದ್ದರು. ಎರಡು ಸಲವೂ ಮಹಾರಾಜರು ಬೇರೆಯವರ ಮುಂದೆ ನಿಂತರು. ಹಣೆಬರಹ ಎಂದು ಅತ್ತೆ ಅಳಲಿಲ್ಲ, ವೈಪರ್ ಹಿಡಿದು ಅಂಗಳಕ್ಕಿಳಿದರು.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಮಿರಜದ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಆಪರೇಶನ್ ಆಯಿತು. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದರು ಡಾಕ್ಟರು. ಅತ್ತೆ ಮೊಟ್ಟಮೊದಲ ಸಲ ಅಂಗಳವನ್ನು ನನಗೆ ಒಪ್ಪಿಸಿದರು. ನಾನು ಹೂಂ ಎಂದೆ. ಬಿಸಿಲು ಬಹಳ ಎಂದು ಒಂದು ವಾರ ಬಿಟ್ಟೆ, ಮದುವೆಗಳಿವೆ ಎಂದು ಇನ್ನೊಂದು ವಾರ ಬಿಟ್ಟೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನನ್ನ ನಾಳೆ ಬರುವ ಮೊದಲೇ ಮಳೆ ಬಂತು. ತುಂಬದ ಬಿರುಕುಗಳಲ್ಲಿ ನೀರು ನಿಂತು, ಇಪ್ಪತ್ತು ದಿನದಲ್ಲಿ ಗೇಟಿನಿಂದ ಹೊಸ್ತಿಲವರೆಗೆ ಅಂಗಳ ಹಸಿರಾಯಿತು. ಅತ್ತೆ ಕಪ್ಪು ಕನ್ನಡಕದೊಳಗಿಂದ ನೋಡಿದರು. ಅಂದಿನಿಂದ ಗೋಡೆಯಂಚಿನ ಇಟ್ಟಂಗಿಯ ಕಿರಿದಾದ ಸಾಲಿನ ಮೇಲೆಯೇ ಓಡಾಡತೊಡಗಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಗಲೇ ಸುದ್ದಿ ಬಂತು. ಚಾತುರ್ಮಾಸಕ್ಕೆ ಬೇರೆ ಊರಿಗೆ ಹೊರಟ ಮಹಾರಾಜರೊಬ್ಬರು ನಮ್ಮೂರಲ್ಲಿ ಒಂದೇ ಒಂದು ದಿನ ತಂಗುತ್ತಾರೆ, ನಾಡಿದ್ದು ಆಹಾರಕ್ಕೆ ನಮ್ಮ ಓಣಿಗೆ ಬರುತ್ತಾರೆ.

ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ತೊಳೆಯುವವಳೂ ನಾನೇ ಎಂದುಕೊಂಡೆ. ಸೇತುವೆ ದಾಟಿ ಸಾಂಗ್ಲಿಗೆ ಹೋಗಿ ಎರಡು ಬಾಟಲಿ ಆ್ಯಸಿಡ್ ತಂದೆ. ಮರುದಿನ ಮಧ್ಯಾಹ್ನ ಅತ್ತೆ ಬಸದಿಗೆ ಹೋದದ್ದೇ ತಡ, ಗೇಟಿನ ಬಳಿ ಸುರಿದೆ. ಒಂದು ಚಾಪೆಯಗಲ ಜಾಗ ಬುಸ್ಸೆಂದು ನೊರೆಯೆದ್ದಿತು. ಹಸಿರಿನ ಜೊತೆ ನುಣುಪೂ ಹೋಗಿ, ಒಳಗಿನ ಜಲ್ಲಿಖಡಿ ಹಲ್ಲು ಕಿಸಿಯಿತು. ಎಷ್ಟು ವರ್ಷ ಬಟ್ಟಲಿನಿಂದ ತಿಕ್ಕಿದ ನುಣುಪು ಅದು! ನಾನು ಬಾಟಲಿ ಹಿಡಿದು ಬೆಪ್ಪಾಗಿ ನಿಂತಿರುವಾಗಲೇ ಗೇಟಿನ ಸಪ್ಪಳವಾಯಿತು.

ಅತ್ತೆ ನೊರೆಯನ್ನೇ ನೋಡಿದರು. ಮುಚ್ಚಳ ಹಾಕು ಎಂದರು. ನಾನು ವಾದಕ್ಕಿಳಿದೆ. ಸಂಜೆಯೊಳಗೆ ಎಲ್ಲ ಸ್ವಚ್ಛವಾಗುತ್ತದೆ, ಮಹಾರಾಜರಿಗೆ ಹೇಗೆ ತಿಳಿಯಬೇಕು, ಪಾಪ ಬಂದರೆ ನನಗೆ ಬರಲಿ ಎಂದೆ. ಅವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು.

“ಆಹಾರ ಕೊಡೂ ಮೊದಲ ಅವರ ಮುಂದ ನಿಂತು, ನನ್ನ ಮನಸು ಶುದ್ಧ ಐತಿ, ಮಾತು ಶುದ್ಧ ಐತಿ ಅಂತ ಹೇಳ್ಬೇಕವಾ. ನಾ ಹೆಂಗ ಹೇಳ್ಲಿ?”

 ಹಾಗಾದರೆ ಪಾಚಿಯ ಮೇಲೆ ಹಲಗೆ ಹಾಸೋಣವೇ ಎಂದು ಕೇಳಿದೆ. ಹಲಗೆಯ ಕೆಳಗಿನವು ಏನಾಗಬೇಕು ಎಂದು ತಿರುಗಿ ಕೇಳಿದರು. 

ಮರುದಿನ ಮುಂಜಾನೆ ಅತ್ತೆ ಎಂದಿನಂತೆ ಮಡಿಸೀರೆ ಉಟ್ಟರು. ಕಲಶ ತುಂಬಲಿಲ್ಲ. ಹೊಸ್ತಿಲೊಳಗೇ ಕೈಮುಗಿದು ನಿಂತರು, ಪಕ್ಕದಲ್ಲಿ ನಾನು. ಓಣಿಯ ಆಚೆ ತುದಿಯಿಂದ ಕರೆಯುವ ದನಿಗಳು ಕೇಳಿಸುತ್ತ ಹತ್ತಿರವಾದವು. ಮಹಾರಾಜರು ನೆಲ ನೋಡುತ್ತ, ನಿಧಾನವಾಗಿ ಬಂದರು. ನಮ್ಮ ಗೇಟಿನ ಮುಂದೆ ಬಂದಾಗ ಅತ್ತೆಯ ತುಟಿ ಅಲುಗಿತು, ಆದರೆ ದನಿ ಹೊರಡಲಿಲ್ಲ. ಮಹಾರಾಜರು ಮುಂದೆ ನಡೆದರು. ಎದುರು ಮನೆಯವರದು ಈಚೆಗೆ ಹಾಕಿಸಿದ ಫರಶಿಕಲ್ಲಿನ ನೆಲ, ಪಾಚಿ ಹತ್ತಿರಲಿಲ್ಲ. ಅಲ್ಲಿ ನಿಂತರು.

ನನಗೆ ಅಳು ಒತ್ತರಿಸಿ ಬಂತು. ನನ್ನ ಸೋಮಾರಿತನದ ಮೇಲೆ ಸಿಟ್ಟು ಬಂತು, ಆ ಹಸಿರಿನ ಮೇಲೆ ಅದಕ್ಕೂ ಹೆಚ್ಚು ಸಿಟ್ಟು ಬಂತು. ಈ ದರಿದ್ರ ಪಾಚಿಗೋಸ್ಕರ ಮಹಾರಾಜರನ್ನು ಕಳೆದುಕೊಂಡಿರಲ್ಲ ಎಂದು ಅಂದೇಬಿಟ್ಟೆ. ಅತ್ತೆಯ ಕಣ್ಣೂ ತುಂಬಿತ್ತು. ಆಪರೇಶನ್ ಆದ ಕಣ್ಣನ್ನು ಸೆರಗಿನಿಂದ ಮೆಲ್ಲಗೆ ಒತ್ತಿಕೊಂಡು ಅಂಗಳವನ್ನು ನೋಡಿದರು.

“ಇರ್ಲಿ ಬಿಡ. ಮಹಾರಾಜರಿಗಿ ಊರ ತುಂಬ ಮನಿ ಅದಾವ. ಇವಕ್ಕ ಇದೊಂದ ಮನಿ.”

ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಯಂಚಿನ ಇಟ್ಟಂಗಿಯ ಸಾಲಿನ ಮೇಲೆ ಒಂದೊಂದೇ ಹೆಜ್ಜೆಯಿಟ್ಟು, ಮಹಾರಾಜರ ಆಹಾರ ನೋಡಲಿಕ್ಕೆಂದು ಎದುರು ಮನೆಗೆ ಹೊರಟರು. ಸುತ್ತುಬಳಸಿನ ದಾರಿ. ನಾನೂ ಕಣ್ಣೊರೆಸಿಕೊಂಡು, ಅವರು ಕಾಲಿಟ್ಟ ಇಟ್ಟಂಗಿಗಳ ಮೇಲೆಯೇ ಕಾಲಿಡುತ್ತ ಹಿಂದೆ ಹೋದೆ.