ಹರಕೆಯ ದಿನದ ನಾಲ್ಕು ಸುತ್ತು

ನಮ್ಮ ಬೀದಿಯ ನಾಲ್ಕೈದು ಹೆಣ್ಣುಮಕ್ಕಳು ಈಚೆಗೆ ಬೆಳಿಗ್ಗೆ ಎದ್ದು ಓಡಲು ಶುರುಮಾಡಿದ್ದಾರೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುವ ಈ ಮುದುಕಿ ಒಂದು ಕಾಲದಲ್ಲಿ ಕೋಚ್ ಆಗಿದ್ದಳೆಂದು ಯಾರೋ ಅವರಿಗೆ ಹೇಳಿಬಿಟ್ಟಿದ್ದಾರೆ. "ಆಂಟಿ, ಬಿಗಿನರ್ಸ್‌ಗೆ ಟಿಪ್ಸ್ ಹೇಳಿ, ಏನು ಹಾಕ್ಕೋಬೇಕು, ಏನು ತಿನ್ಬೇಕು, ನೀರು ಎಷ್ಟು ಕುಡೀಬೇಕು" ಎಂದು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸುತ್ತಾರೆ. ನಾನು ಜೀವಮಾನದಲ್ಲಿ ಕೋಚ್ ಮಾಡಿದ್ದು ಒಬ್ಬಳನ್ನೇ, ನನ್ನ ನಾದಿನಿಯನ್ನು. ಅದೂ ಮೂರೇ ತಿಂಗಳು. ನನಗೆ ಗೊತ್ತಿರುವ ಟಿಪ್ಸ್ ಎಲ್ಲ ಅಲ್ಲಿಯವೇ, ಮತ್ತು ಅದರಲ್ಲಿ ಮುಖ್ಯವಾದದ್ದನ್ನು ನಾನು ತಪ್ಪು ಮಾಡಿಯೇ ಕಲಿತದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ಕಾನ್ವೆಂಟಿನಲ್ಲಿ ಓದಿ, ಸ್ಪೋರ್ಟ್ಸ್ ಡೇಯಲ್ಲಿ ಎರಡು ಕಪ್ ಗೆದ್ದು, ಅಜ್ಜಂಪುರದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ನಾದಿನಿಯನ್ನು ತರೀಕೆರೆಗೆ ಕೊಟ್ಟಿತ್ತು. ಎರಡೇ ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ವಾಪಸು ಬಂದಳು. ಅಲ್ಲಿ ಏನಾಗುತ್ತಿತ್ತೆಂದು ನನಗೊಬ್ಬಳಿಗೇ ತೋರಿಸಿದ್ದಳು, ಬಚ್ಚಲಿನಲ್ಲಿ, ಬೆನ್ನು ತಿರುಗಿಸಿ. ಅತ್ತೆಯವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಊರವರು ವಿಚಾರಿಸಿದರೆ, "ಮೈಗೆ ಹುಷಾರಿಲ್ಲ ಅಂತ ಬಂದವ್ಳೆ ಕಣ್ರೀ, ಇವತ್ತಲ್ಲ ನಾಳೆ ಹೋಗ್ತಾಳೆ" ಎನ್ನುತ್ತಿದ್ದರು. ಒಂದು ವರ್ಷ ಹಾಗೇ ಎಂದರು. ಕಡೆಗೆ ಎರಡೂ ಕಡೆಯ ಹಿರಿಯರು ಜಗುಲಿಯ ಮೇಲೆ ಕೂತು, ಯುಗಾದಿ ಕಳೆದ ಮೇಲೆ ಅವಳನ್ನು ಕಳಿಸಿಕೊಡುವುದೆಂದು ತೀರ್ಮಾನ ಮಾಡಿ ಎಲೆ ಅಡಿಕೆ ಹಾಕಿಕೊಂಡರು.

ಆಗಲೇ ನಾನು ಪೇಪರಿನಲ್ಲಿ ಆ ಪ್ರಕಟಣೆ ನೋಡಿದ್ದು. ಪಿ.ಟಿ. ಟೀಚರ್ ತರಬೇತಿಗೆ ಹೆಣ್ಣುಮಕ್ಕಳು ಬೇಕು, ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ವರ್ಷಪೂರ್ತಿ ಹಾಸ್ಟೆಲ್. ಕಡೂರಿನಲ್ಲಿ ಓಟದ ಪರೀಕ್ಷೆ. ಮೈದಾನಕ್ಕೆ ನಾಲ್ಕು ಸುತ್ತು. ಮೊದಲು ಬಂದ ಎಂಟು ಜನಕ್ಕೆ ಸೀಟು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯ ಅವಕಾಶ. ನನ್ನ ಗಂಡ, "ಸಿಕ್ಕಿದ್ರೆ ಓದ್ಲಿ, ನಾನು ಹಿರಿಯರ ಹತ್ರ ಮಾತಾಡ್ತೀನಿ. ಸಿಗಲಿಲ್ಲ ಅಂದ್ರೆ ನನ್ನನ್ನೇನೂ ಕೇಳಬೇಡಿ" ಎಂದರು. ಎಂಟನೆಯವಳಾದರೆ ಹಾಸ್ಟೆಲು, ಒಂಬತ್ತನೆಯವಳಾದರೆ ತರೀಕೆರೆ. ಲೆಕ್ಕ ಅಷ್ಟು ಸರಳವಾಗಿತ್ತು, ಅಷ್ಟು ಭಯಂಕರವಾಗಿಯೂ ಇತ್ತು.

ಈಗಿನ ಹುಡುಗಿಯರು ಮೊದಲು ಶೂ ಯಾವುದು ಎಂದು ಕೇಳುತ್ತಾರೆ. ಹೆಣ್ಣಿಗೆ ಮೊದಲು ಬೇಕಾದದ್ದು ಶೂ ಅಲ್ಲ, ಎದೆಯನ್ನು ಬಿಗಿಯಾಗಿ ಹಿಡಿದಿಡುವ ಒಂದು ಒಳಬಟ್ಟೆ. ಆಗ ಅಂಗಡಿಯಲ್ಲಿ ಅಂಥದ್ದೆಲ್ಲಿ? ಎರಡು ಹಳೆಯ ಬಾಡಿಗಳನ್ನು ಒಂದರ ಮೇಲೊಂದಿಟ್ಟು ನಾನೇ ಹೊಲಿದೆ, ಬೆನ್ನಿಗೆ ಅಗಲವಾದ ಪಟ್ಟಿ ಕೊಟ್ಟೆ. ಓಡುವಾಗ ತಾಳಿ ಎಗರಿ ಗಲ್ಲಕ್ಕೆ ಹೊಡೆಯುತ್ತಿತ್ತು. ಅದನ್ನು ಸೇಫ್ಟಿ ಪಿನ್ನಿನಿಂದ ಒಳಗೆ ಸಿಕ್ಕಿಸಿದೆವು. ಸೀರೆಗೆ ಬದಲು ನನ್ನ ಗಂಡನ ಪೈಜಾಮ, ಕಣಕಾಲಿನ ಹತ್ತಿರ ದಾರ ಕಟ್ಟಿ. ತೊಡೆ ಉಜ್ಜಿ ಹುಣ್ಣಾಗದಂತೆ ಕೊಬ್ಬರಿ ಎಣ್ಣೆ. ಇನ್ನು ಶೂ ಎಂದರೆ ನನ್ನ ಕಾನ್ವೆಂಟಿನ ಕ್ಯಾನ್ವಾಸ್ ಶೂ. ಅವಳಿಗೆ ಅರ್ಧ ಬೆರಳಿನಷ್ಟು ಚಿಕ್ಕದು, ಮುಂದಿನ ಬಟ್ಟೆಯನ್ನು ಬ್ಲೇಡಿನಿಂದ ಕುಯ್ದು ಹೆಬ್ಬೆರಳಿಗೆ ಜಾಗ ಮಾಡಿದೆ. ಓಡಿದರೆ ಪಾದ ಊದುತ್ತದೆ, ಬೆರಳಿನ ಮುಂದೆ ಜಾಗ ಇರಲೇಬೇಕು. ಅವಳು ಆ ಶೂಗಳನ್ನು ನೋಡಿ, "ಅತ್ತಿಗೆ, ಇದು ಮೊಸಳೆ ಬಾಯಿ ಬಿಟ್ಟಂಗೈತೆ" ಎಂದು ನಕ್ಕಿದ್ದಳು. ತವರಿಗೆ ಬಂದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಸುಕಿನಲ್ಲಿ ಓಡಲು ಒಂದು ನೆಪ ಬೇಕಿತ್ತಲ್ಲ, ಇಬ್ಬರೂ ಕೈಯಲ್ಲಿ ಒಂದೊಂದು ಚೊಂಬು ಹಿಡಿದು ಹೊರಡುತ್ತಿದ್ದೆವು. ಚೊಂಬು ಹಿಡಿದು ಹೊಲದ ಕಡೆ ಹೊರಟ ಹೆಂಗಸನ್ನು ಹಳ್ಳಿಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಓಡುತ್ತಿದ್ದರಂತೂ ಕೇಳುವುದೇ ಇಲ್ಲ, ದಾರಿ ಬಿಡುತ್ತಾರೆ. ಪಕ್ಕದ ಮನೆಯ ಅಜ್ಜಿ ಮಾತ್ರ ಒಂದು ದಿನ ತಡೆಯಲಾರದೆ ಅತ್ತೆಯವರನ್ನು ಕೇಳಿದರಂತೆ: "ಏನವ್ವಾ, ನಿನ್ನ ಸೊಸೆ ಮಗಳು ಇಬ್ರಿಗೂ ಮೂರು ತಿಂಗ್ಳಿಂದ ಹೊಟ್ಟೆ ಕೆಟ್ಟೈತಾ? ಓಮದ ಕಷಾಯ ಮಾಡ್ಕೊಡೇ!"

ತಿನ್ನಲು ಹುರಿಹಿಟ್ಟು ಬೆಲ್ಲ, ಓಟಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣು. ಮುದ್ದೆ ಮಧ್ಯಾಹ್ನ ಮಾತ್ರ. ಇದೆಲ್ಲ ಸರಿಯಾಗಿತ್ತು. ನಾನು ಎಡವಿದ್ದು ನೀರಿನಲ್ಲಿ. ನಮ್ಮ ಕಾನ್ವೆಂಟಿನಲ್ಲಿ ಗೇಮ್ಸ್ ನೋಡಿಕೊಳ್ಳುತ್ತಿದ್ದ ಸಿಸ್ಟರ್‌ದು ಒಂದೇ ರೂಲ್: ಓಡುವ ದಿನ ನೀರು ಕುಡಿಯಕೂಡದು, ಕುಡಿದರೆ ಪಕ್ಕೆಯಲ್ಲಿ ಸ್ಟಿಚ್ ಹಿಡಿಯುತ್ತದೆ, ಬಾಯಿ ಮುಕ್ಕಳಿಸಿ ಉಗಿಯಬೇಕು. ಅದನ್ನೇ ನಾನೂ ವೇದವಾಕ್ಯದ ಹಾಗೆ ಅವಳಿಗೆ ಹೇಳಿಕೊಟ್ಟಿದ್ದೆ. ಅವಳು ಎಂದೂ ಎದುರು ಹೇಳಲಿಲ್ಲ. ಎದುರು ಹೇಳದಿರುವುದನ್ನು ಅವಳಿಗೆ ತರೀಕೆರೆಯಲ್ಲಿ ಚೆನ್ನಾಗಿ ಕಲಿಸಿದ್ದರು.

ಪರೀಕ್ಷೆ ಬಂದದ್ದು ಒಂದು ಶುಕ್ರವಾರ. ಅತ್ತೆಯವರು ತಾವೂ ಬರುತ್ತೇನೆಂದು ಹಟ ಹಿಡಿದರು. ಅಜ್ಜಂಪುರದಿಂದ ರೈಲು, ಬೀರೂರಿನಲ್ಲಿ ಇಳಿದು ಕಡೂರಿಗೆ ಬಸ್ಸು. ಬೀರೂರಿನ ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ನಾದಿನಿ ಬಾಯಿ ಮುಕ್ಕಳಿಸಿ ಉಗಿದಳು. ಗುಡ್ ಗರ್ಲ್ ಎಂದುಕೊಂಡೆ. ಬಾಳೆಹಣ್ಣು ಕೊಟ್ಟರೆ, "ಆಮೇಲೆ ಅತ್ತಿಗೆ, ಹೊಟ್ಟೇಲಿ ಒಂಥರಾ ಆಗ್ತೈತೆ" ಎಂದಳು. ನರ್ವಸ್ ಇರಬೇಕೆಂದುಕೊಂಡೆ. ಅವಳ ಬಲಗೈಗೆ ಅರಿಶಿನದ ದಾರ ಕಟ್ಟಿತ್ತು. ಅದನ್ನೂ ನೋಡಿದೆ, ಏನೂ ಅನ್ನಿಸಲಿಲ್ಲ.

ಎಂಟು ಗಂಟೆಗೆಂದಿದ್ದ ಓಟ ಹತ್ತಾದರೂ ಶುರುವಾಗಲಿಲ್ಲ. ಆರಿಸುವ ಅಧಿಕಾರಿಗಳ ಜೀಪು ಬಂದಿರಲಿಲ್ಲ. ಮೈದಾನದ ಅಂಚಿನಲ್ಲಿದ್ದ ಒಂದೇ ಹೊಂಗೆ ಮರದ ಕೆಳಗೆ ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರು, ಅವರ ಜೊತೆಯವರು. ನೆರಳು ಸರಿದ ಹಾಗೆ ಎಲ್ಲರೂ ಸರಿಯುತ್ತಿದ್ದೆವು. ಹನ್ನೊಂದಾಯಿತು. ನಾದಿನಿಯ ತುಟಿ ಬಿಳಿಚಿ ಒಡೆದಿತ್ತು. ಅವಳ ಕೈ ಮುಟ್ಟಿ ನೋಡಿದೆ. ಆ ಬಿಸಿಲಿನಲ್ಲಿ ಎಲ್ಲರೂ ಬೆವರುತ್ತಿದ್ದರೆ ಅವಳ ಚರ್ಮ ಒಣಗಿತ್ತು.

"ಬೆಳಗ್ಗೆಯಿಂದ ಒಂದಕ್ಕೆ ಹೋಗಿ ಬಂದ್ಯಾ?" ಎಂದು ಮೆಲ್ಲಗೆ ಕೇಳಿದೆ.

ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನಿನ್ನೆ ರಾತ್ರಿ ಏನು ತಿಂದೆ?"

ಅವಳು ಅತ್ತೆಯವರ ಕಡೆ ನೋಡಿದಳು. ಉತ್ತರ ಅವರಿಂದಲೇ ಬಂತು. "ನಿನ್ನೆ ಹೊತ್ತು ಮುಳುಗಿದಾಗ್ಲಿಂದ ಬಾಯಿಗೆ ನೀರು ಬಿಟ್ಟಿಲ್ಲ. ಅಂತರಘಟ್ಟಮ್ಮಂಗೆ ಹರಕೆ ಹೊತ್ತಿದೀನಿ. ಇವತ್ತು ಹೊತ್ತು ಮುಳುಗೋ ತಂಕ ನಿರಾಹಾರ. ಅವಳಿಗೆ ಒಳ್ಳೇದಾಗ್ಲಿ ಅಂತ."

"ಅತ್ತೆ, ನಾಲ್ಕು ಸುತ್ತು ಓಡ್ಬೇಕು ಅವಳು! ಈ ಬಿಸಿಲಲ್ಲಿ!"

"ಅಮ್ಮ ಓಡುಸ್ತಾಳೆ. ನೀನು ಹೇಳಿದ್ದೂ ಅದೇ ಅಲ್ವೇನೇ? ಓಡೋ ದಿನ ನೀರು ಕುಡೀಬಾರ್ದು ಅಂತ. ನಿಮ್ಮ ಇಸ್ಕೂಲಿನೋರಿಗೆ ಗೊತ್ತಿರೋದು ನಮ್ಮ ಅಮ್ಮಂಗೆ ಗೊತ್ತಿರಲ್ವಾ?"

ನನ್ನ ಮಾತೇ ನನಗೆ ಅಡ್ಡ ನಿಂತಿತು. ಇನ್ನೊಂದು ಯೋಚನೆಯೂ ಬಂತು, ಇಂದಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇವರು ಯಾವ ಒಳ್ಳೆಯದನ್ನು ಬೇಡಿಕೊಂಡಿದ್ದಾರೆ? ಮಗಳು ಓಡಿ ಗೆಲ್ಲಲಿ ಎಂದೋ, ಬಿದ್ದು ಗಂಡನ ಮನೆ ಸೇರಲಿ ಎಂದೋ? ವರ್ಷವಿಡೀ ‘ನಾಳೆ ಹೋಗ್ತಾಳೆ’ ಎಂದವರಲ್ಲವೇ? ಬೇಕೆಂದೇ ಬಾಯಿ ಕಟ್ಟಿಸಿದ್ದಾರೆಯೇ? ಅವರ ಮುಖ ನೋಡಿದೆ. ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಪಿ.ಟಿ. ಮೇಷ್ಟ್ರೊಬ್ಬರು ಸುಣ್ಣದ ಗೆರೆ ಎಳೆಸುತ್ತ, ಮುಕ್ಕಾಲು ಗಂಟೆಯಲ್ಲಿ ಓಟ ಎಂದು ಕೂಗಿದರು. ಎದ್ದು ನಿಲ್ಲಲು ಹೋದ ನಾದಿನಿ ಮರದ ಬುಡ ಹಿಡಿದುಕೊಂಡಳು. "ಕಣ್ಣು ಕತ್ಲೆ ಬಂತು ಅತ್ತಿಗೆ."

"ನೀರು ಕುಡಿ" ಎಂದೆ.

"ಹರಕೆ..."

"ನನ್ನ ರೂಲ್ ತಪ್ಪು ಕಣೇ. ಸಿಸ್ಟರ್‌ದೂ ತಪ್ಪು. ಕುಡಿ."

"ಅವ್ವ ಹೇಳ್ದೆ ಹೆಂಗ್ ಕುಡೀಲಿ? ಮುರಿದ್ರೆ ಅಮ್ಮ ಸುಮ್ನೆ ಬಿಡ್ತಾಳಾ?" ಅವಳ ನಾಲಗೆ ಅಂಗುಳಿಗೆ ಅಂಟಿಕೊಂಡು ಮಾತು ತೊದಲುತ್ತಿತ್ತು.

ನಾನು ಅತ್ತೆಯವರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬಾಯಿಂದ ಬಂದದ್ದು ಇಷ್ಟೇ: "ಅತ್ತೆ, ನೀವು ಇವಳ ಬೆನ್ನು ನೋಡಿದೀರಾ?"

ಮೈದಾನದ ಆಚೆ ಯಾರೋ ವಿಸಿಲ್ ಊದಿ ಪರೀಕ್ಷೆ ಮಾಡುತ್ತಿದ್ದರು. ಅತ್ತೆಯವರು ಮಗಳ ಕೈಯನ್ನು ಎಳೆದುಕೊಂಡು, ದಾರದ ಗಂಟಿಗೆ ಹಲ್ಲು ಹಾಕಿ ಬಿಚ್ಚತೊಡಗಿದರು.

"ಹರಕೆ ಹೊತ್ತೋಳು ನಾನು. ಬಾಯಿ ಕಟ್ಟೋಳೂ ನಾನೇ. ಕಟ್ಟೇ ಇದನ್ನ ನಂಗೆ" ಎಂದು ನನ್ನತ್ತ ಕೈ ಚಾಚಿದರು.

"ಅವ್ವಾ, ನೀನು ಬೆಳಗ್ಗೆ ಎರಡು ರೊಟ್ಟಿ ತಿಂದಿದೀಯಲ್ಲ!" ಎಂದಳು ನಾದಿನಿ, ಆ ಸ್ಥಿತಿಯಲ್ಲೂ.

"ತಿಂದೆ. ಅದುಕ್ಕೇ ಇವತ್ತಲ್ಲದೆ ನಾಳೇನೂ ಇರ್ತೀನಿ. ಅಮ್ಮಂಗೆ ಒಂದು ದಿನ ಜಾಸ್ತೀನೇ ಆಯ್ತು, ಬ್ಯಾಡ ಅಂತಾಳಾ? ಕುಡಿಯೇ ಮುಂಡೇದೆ, ನೋಡ್ತಾ ಕೂತವ್ಳೆ!"

ನಾನು ನಲ್ಲಿಗೆ ಓಡಿ ನೀರು ತಂದೆ. ಚೀಲದಲ್ಲಿದ್ದ ಬೆಲ್ಲ ಕರಗಿಸಿ, ಬುತ್ತಿಯ ಉಪ್ಪಿನ ಪೊಟ್ಟಣದಿಂದ ಒಂದು ಚಿಟಿಕೆ ಹಾಕಿದೆ. ಅವಳು ಲೋಟವನ್ನು ಎತ್ತಿ ಸುರಿದುಕೊಳ್ಳಲು ಹೋದಳು, ಕೈ ಹಿಡಿದೆ. ಒಂದು ಗುಟುಕು, ಹತ್ತು ಎಣಿಸಿ ಮತ್ತೊಂದು. ಬಾಯಾರಿ ಒಣಗಿದವರಿಗೆ ಒಮ್ಮೆಗೇ ಕೊಟ್ಟರೆ ಹೊಟ್ಟೆ ತಿರುಗಿಸಿ ಕಕ್ಕಿಬಿಡುತ್ತಾರೆ. ಅರ್ಧ ಬಾಳೆಹಣ್ಣು, ಚೆನ್ನಾಗಿ ಅಗಿದು. ಒದ್ದೆ ಟವೆಲು ಕುತ್ತಿಗೆಯ ಹಿಂದೆ. ಮುಕ್ಕಾಲು ಗಂಟೆಯಲ್ಲಿ ಎರಡು ಲೋಟ ಇಳಿಯಿತು. ಹಣೆಯ ಮೇಲೆ ಸಣ್ಣ ಬೆವರು ಕಂಡಾಗ ನನಗೆ ಅಳು ಬಂತು.

ವಿಸಿಲ್ ಆಯಿತು. ಮೊದಲ ಸುತ್ತಿನಲ್ಲಿ ಅವಳು ತೀರಾ ಹಿಂದೆ, ಕೊನೆಯಿಂದ ಮೂರನೆಯವಳು. ಎರಡನೆಯದರಲ್ಲಿ ಇಬ್ಬರು ಹುಡುಗಿಯರು ಬಿಸಿಲು ತಾಳಲಾರದೆ ಕೂತುಬಿಟ್ಟರು. ಇನ್ನು ನಾಲ್ವರನ್ನು ಇವಳು ದಾಟಿದಳು. ಹೊಸ ಶೂ ಹಾಕಿಕೊಂಡು ಬಂದವರು ಕುಂಟತೊಡಗಿದ್ದರು. ನಾನು ಬೆರಳು ಮಡಿಚಿ ಎಣಿಸುತ್ತಲೇ ಇದ್ದೆ. ಮೂರನೆಯ ಸುತ್ತು ಮುಗಿಯುವಾಗ ಹನ್ನೆರಡನೆಯವಳು, ಆಮೇಲೆ ಹತ್ತನೆಯವಳು. ಅಲ್ಲಿ ಒಮ್ಮೆಲೇ ಅವಳ ಕೈ ಪಕ್ಕೆಗೆ ಹೋಯಿತು. ಸ್ಟಿಚ್. ದೇವರೇ, ಸಿಸ್ಟರ್ ಹೇಳಿದ್ದೇ ನಿಜವಾಯಿತೇ, ನಾನೇ ಕುಡಿಸಿ ಕೆಡಿಸಿದೆನೇ? "ಉಸಿರು ಪೂರ್ತಿ ಬಿಡು! ಬಿಡೇ ಹೊರಗೆ!" ಎಂದು ಕಿರುಚಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಬಾಗಿದಳು, ನಿಧಾನ ಮಾಡಿದಳು, ನಿಲ್ಲಲಿಲ್ಲ.

ಅತ್ತೆಯವರು ಎದ್ದು ನಿಂತಿದ್ದರು. ತಲೆಯ ಮೇಲಿನ ಸೆರಗು ಜಾರಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಸುಣ್ಣದ ಗೆರೆಯ ಹತ್ತಿರ ಹೋಗಿ, ಊರ ಹೊಲದಲ್ಲಿ ದನ ಅಟ್ಟುವ ಗಂಟಲಿನಲ್ಲಿ ಕೂಗಿದರು: "ಹಿಂದೆ ನೋಡ್ಬ್ಯಾಡ ಕಣೇ! ಹಿಂದೆ ಏನೂ ಇಲ್ಲ, ಓಡೇ!"

ಕೊನೆಯ ತಿರುವಿನಲ್ಲಿ ಪಕ್ಕೆಯಿಂದ ಕೈ ತೆಗೆದು ಮತ್ತೆ ವೇಗ ಹಿಡಿದಳು, ಒಂಬತ್ತನೆಯವಳು. ಅವಳ ಮುಂದಿದ್ದ ಉದ್ದ ಜಡೆಯ ಹುಡುಗಿಯ ಹೆಜ್ಜೆ ತಡವರಿಸಿತು. ಇಬ್ಬರ ಭುಜಗಳೂ ಸಮವಾದವು. ಗೆರೆ ದಾಟಿದ್ದು ಯಾರು ಮೊದಲು ಎಂದು ನನಗೆ ಕಾಣಲಿಲ್ಲ. ಧೂಳಿತ್ತು, ನನ್ನ ಕಣ್ಣೂ ತುಂಬಿತ್ತು. ಹುಡುಗಿಯರು ಗೆರೆ ದಾಟಿ ಬಂದ ಹಾಗೆ ಮೇಷ್ಟ್ರು ಅವರ ಕೈಗೆ ನಂಬರಿನ ಚೀಟಿ ಕೊಡುತ್ತಿದ್ದರು. ನಾದಿನಿ ಮೊಣಕಾಲೂರಿ ಕೂತು, ಮುಷ್ಟಿ ಬಿಚ್ಚದೆ, "ನೀವೇ ನೋಡಿ ಅತ್ತಿಗೆ" ಎಂದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಎಂಟು.

ಉದ್ದ ಜಡೆಯ ಹುಡುಗಿ ಸ್ವಲ್ಪ ದೂರದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಅವಳಿಗೆ ಯಾವ ಊರು ಕಾದಿತ್ತೋ ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಉಳಿದ ಬೆಲ್ಲದ ನೀರನ್ನು ಅವಳಿಗೆ ಕೊಟ್ಟು ಬಂದೆ, ಅಷ್ಟೇ.

ಆಯ್ಕೆಯಾದವರೆಲ್ಲ ಅಲ್ಲೇ ಫಾರಂ ತುಂಬಬೇಕಿತ್ತು. ಮೇಜಿನ ಹಿಂದಿದ್ದ ಗುಮಾಸ್ತ ನಾದಿನಿಯ ಕೊರಳಿನ ಕರಿಮಣಿ ನೋಡಿ ಪೆನ್ನು ನಿಲ್ಲಿಸಿದ.

"ಮದುವೆ ಆಗಿದೆಯಲ್ಲಮ್ಮ. ಹಾಸ್ಟೆಲ್ ಅಂದ್ರೆ ಗಾರ್ಡಿಯನ್ ಒಪ್ಪಿಗೆ ಬೇಕು. ಗಂಡ ಬಂದಿದಾರಾ?"

ನಾದಿನಿಯ ಮುಖದ ಬಣ್ಣ ಇಳಿಯಿತು. ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿ ಮೇಜಿನ ಮುಂದೆ ಬಂದರು. ಅವರ ತುಟಿ ಆಗಲೇ ಒಣಗಿತ್ತು.

"ಗಂಡನ ಮನೆಗೆ ಅವಳು ಹೋಗಲ್ಲ" ಎಂದರು. ವರ್ಷದಲ್ಲಿ ಮೊದಲ ಸಲ ಆ ಮಾತು ಅವರ ಬಾಯಲ್ಲಿ ಬಂದದ್ದು, ಅದೂ ಗುರುತಿಲ್ಲದ ಒಬ್ಬ ಗುಮಾಸ್ತನ ಎದುರು. "ಹೆತ್ತೋಳು ನಾನು ಇದೀನಿ. ಎಲ್ಲಿ ಒತ್ತಬೇಕು ತೋರ್ಸಪ್ಪಾ."

ಗುಮಾಸ್ತ ಮಸಿಯ ಪ್ಯಾಡನ್ನು ಅವರ ಕಡೆ ತಳ್ಳಿದ. ಅತ್ತೆಯವರು ಹೆಬ್ಬೆಟ್ಟನ್ನು ಕಾಗದದ ಮೇಲಿಟ್ಟು, ಮೇಲೆ ಇನ್ನೊಂದು ಕೈಯ ಭಾರವನ್ನೂ ಹಾಕಿ, ಅವನು "ಸಾಕಮ್ಮಾ, ಸಾಕು" ಎನ್ನುವ ತನಕ ಒತ್ತಿದರು.